ಕೊಳ್ಳುವ ದಿನವೇ ಉಳಿತಾಯ: ಘಟ್ಟ ಮತ್ತು ಕರಾವಳಿಯ ಮನೆಗಳಿಗೆ ಕಂಪ್ಯೂಟರ್, ಕಾರು ಆಯ್ಕೆಯ ಕೈಪಿಡಿ

ಕಾಳಿ ನದಿಗೆ ಅಣೆಕಟ್ಟು ಬಂದಾಗ ಹಳೆಯ ಸೂಪಾ ಊರೇ ನೀರಿನಡಿ ಹೋಯಿತು. ಅದರ ಕೆಳಗೆ ಕೊಡಸಳ್ಳಿ, ಇನ್ನೂ ಕೆಳಗೆ ಕದ್ರಾ. ಕದ್ರಾ ಹಿನ್ನೀರಿನ ದಂಡೆಯಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಕೈಗಾ ಅಣು ವಿದ್ಯುತ್ ಸ್ಥಾವರ. ಶರಾವತಿಯ ಕೊನೆಯ ಅಣೆಕಟ್ಟೂ ನಮ್ಮ ಗೇರುಸೊಪ್ಪದಲ್ಲೇ ಇದೆ. ವಿದ್ಯುತ್ ಎಲ್ಲಿಂದ ಬರುತ್ತದೆ, ಅದಕ್ಕಾಗಿ ಯಾರ ಗದ್ದೆ, ಯಾರ ತೋಟ ಹೋಯಿತು ಎಂಬುದನ್ನು ಉತ್ತರ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕಂಪ್ಯೂಟರ್ ಅಂಗಡಿಗೆ ಹೋದಾಗ ನಾವು ವಿಚಾರಿಸುವುದು ರ‍್ಯಾಮ್ ಎಷ್ಟು ಎಂದು. ಕಾರಿನ ಅಂಗಡಿಯಲ್ಲಿ ವಿಚಾರಿಸುವುದು ಸನ್‌ರೂಫ್ ಇದೆಯೇ ಎಂದು. ಇದು ದಿನಕ್ಕೆ ಎಷ್ಟು ತಿನ್ನುತ್ತದೆ ಎಂದು ಕೇಳುವವರು ಕಡಿಮೆ.

ಬಳಸಿದ ಮೇಲೆ ಸ್ವಿಚ್ ಆರಿಸುವುದು ಒಳ್ಳೆಯದೇ. ಆದರೆ ಒಂದು ಯಂತ್ರ ಮುಂದಿನ ಎಂಟು-ಹತ್ತು ವರ್ಷ ಎಷ್ಟು ನುಂಗಲಿದೆ ಎಂಬುದರ ಬಹುಪಾಲು ಅದನ್ನು ಕೊಂಡ ದಿನವೇ ತೀರ್ಮಾನವಾಗಿಬಿಡುತ್ತದೆ. ನಮ್ಮ ಕಡೆ ಪೋಲಾಗುವುದಕ್ಕೆ ನಾನು ಕಂಡ ಮುಖ್ಯ ಕಾರಣ ಒಂದೇ. ಅಪರೂಪಕ್ಕೆ ಬರುವ ಅಗತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ದಿನವೂ ಓಡುವ ಯಂತ್ರವನ್ನು ಕೊಳ್ಳುತ್ತೇವೆ. ಹಬ್ಬಕ್ಕೆ ನೆಂಟರು ಬಂದರೆ ಏಳು ಜನ ಕೂರಬೇಕೆಂದು ದೊಡ್ಡ ಗಾಡಿ; ಮಗ ಎಂದಾದರೂ ವಿಡಿಯೊ ಎಡಿಟಿಂಗ್ ಕಲಿತಾನೆಂದು ಗ್ರಾಫಿಕ್ಸ್ ಕಾರ್ಡ್ ಹಾಕಿದ ಕಂಪ್ಯೂಟರ್. ಸಮಾರಾಧನೆಯ ಕೊಪ್ಪರಿಗೆಯಲ್ಲಿ ದಿನವೂ ಇಬ್ಬರಿಗೆ ಅನ್ನ ಬೇಯಿಸಿದ ಹಾಗೆ ಇದು. ಈ ಲೇಖನದಲ್ಲಿ ಹೇಳುವ ಹೆಜ್ಜೆಗಳೆಲ್ಲ ಆ ಅಭ್ಯಾಸವನ್ನು ಬಿಡಿಸುವುದಕ್ಕಾಗಿ.

ಮೊದಲ ಹೆಜ್ಜೆ: ಈಗ ಎಷ್ಟು ಹೋಗುತ್ತಿದೆ, ಅಳೆಯಿರಿ

ಕಂಪ್ಯೂಟರ್ ಎಷ್ಟು ವಿದ್ಯುತ್ ಎಳೆಯುತ್ತದೆಂದು ತಿಳಿಯಲು ಹೊಸ ಉಪಕರಣ ಬೇಕಾಗಿಲ್ಲ. ಜಗುಲಿಯ ಗೋಡೆಗೆ ಹೆಸ್ಕಾಂನವರು ಕೂರಿಸಿದ ಎಲೆಕ್ಟ್ರಾನಿಕ್ ಮೀಟರೇ ಸಾಕು. ಅದರ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂಬ ಸಂಖ್ಯೆ ಅಚ್ಚಾಗಿರುತ್ತದೆ. 3200 ಎಂದಿದೆ ಎಂದುಕೊಳ್ಳಿ. ಮನೆಯ ಎಲ್ಲ ದೀಪ, ಫ್ಯಾನ್, ಫ್ರಿಜ್, ಪಂಪುಗಳನ್ನು ಆರಿಸಿ. ಇನ್‌ವರ್ಟರ್‌ಗೆ ಹೋಗುವ ಸ್ವಿಚ್ಚನ್ನೂ ತೆಗೆಯಿರಿ. ಇಲ್ಲವಾದರೆ ಬ್ಯಾಟರಿ ಚಾರ್ಜ್ ಆಗುವುದೂ ಲೆಕ್ಕಕ್ಕೆ ಸೇರುತ್ತದೆ. ಮಿಣುಕು ನಿಂತ ಮೇಲೆ ಕಂಪ್ಯೂಟರ್ ಒಂದನ್ನೇ ಹಾಕಿ, ಎಂದಿನ ಕೆಲಸ ತೆರೆದಿಟ್ಟು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹತ್ತು ಮಿಣುಕುಗಳನ್ನು ಎಣಿಸಿ. ಹತ್ತಕ್ಕೆ 80 ಸೆಕೆಂಡ್ ಹಿಡಿದರೆ ಒಂದಕ್ಕೆ 8 ಸೆಕೆಂಡ್ ಆಯಿತು. ಒಂದು ಯೂನಿಟ್ ಎಂದರೆ 1000 ವಾಟ್ ಒಂದು ಗಂಟೆ, ಅಂದರೆ 3600 ಸೆಕೆಂಡ್ ನಡೆದಷ್ಟು; ಎರಡನ್ನೂ ಗುಣಿಸಿದರೆ 36 ಲಕ್ಷ. ಈಗ ಈ 36 ಲಕ್ಷವನ್ನು 3200ರಿಂದ ಭಾಗಿಸಿದರೆ 1125. ಅದನ್ನು 8ರಿಂದ ಭಾಗಿಸಿದರೆ ಸುಮಾರು 140. ನಿಮ್ಮ ಕಂಪ್ಯೂಟರ್ ಈ ಹೊತ್ತಿನಲ್ಲಿ 140 ವಾಟ್ ಎಳೆಯುತ್ತಿದೆ ಎಂದು ಅರ್ಥ. ಮೀಟರಿನ ಸಂಖ್ಯೆ ಬೇರೆ ಇದ್ದರೆ 3200ರ ಜಾಗದಲ್ಲಿ ಅದನ್ನು ಹಾಕಿಕೊಳ್ಳಿ. ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ. ಶಾಲೆಯಲ್ಲಿ ಓದಿದ ವಾಟ್, ಯೂನಿಟ್ ಅವರಿಗೆ ಅಂದು ಕಣ್ಣಿಗೆ ಕಾಣುತ್ತದೆ.

ಕಾರಿಗೆ ಲೆಕ್ಕ ಇನ್ನೂ ಸುಲಭ. ಟ್ಯಾಂಕ್ ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಜೊತೆಗೆ ಒಂದೆರಡು ತಿಂಗಳು ಡೈರಿಯಲ್ಲಿ ಇನ್ನೆರಡು ಸಂಗತಿ ಗುರುತು ಹಾಕಿ: ಕಾರಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ಕೂತದ್ದು ಯಾವಾಗ, ಒಂದೇ ದಿನ 200 ಕಿ.ಮೀ. ದಾಟಿದ್ದು ಯಾವಾಗ. ಹೊಸ ಕಾರಿನ ಅಂಗಡಿಗೆ ಹೋಗುವಾಗ ಆ ಪುಟವೇ ನಿಮ್ಮ ಕೈಯಲ್ಲಿರಬೇಕು.

ಎರಡನ್ನೂ ಒಂದೇ ತಕ್ಕಡಿಯಲ್ಲಿಡಿ

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇದೆ. ಈ ಒಂದು ಸಂಖ್ಯೆ ನೆನಪಿದ್ದರೆ ಯಾವುದಕ್ಕೆ ಎಷ್ಟು ತಲೆ ಕೆಡಿಸಿಕೊಳ್ಳಬೇಕೆಂಬುದು ಸ್ಪಷ್ಟವಾಗುತ್ತದೆ.

120 ವಾಟ್‌ನ ಡೆಸ್ಕ್‌ಟಾಪ್ ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ನಡೆದರೆ 24 ಯೂನಿಟ್. ಅದೇ ಕೆಲಸವನ್ನು 30 ವಾಟ್‌ನ ಲ್ಯಾಪ್‌ಟಾಪ್ 6 ಯೂನಿಟ್‌ನಲ್ಲಿ ಮುಗಿಸುತ್ತದೆ. ವರ್ಷಕ್ಕೆ 216 ಯೂನಿಟ್ ಉಳಿತಾಯ. ಇನ್ನು ವರ್ಷಕ್ಕೆ 10,000 ಕಿ.ಮೀ. ಓಡುವ ಕಾರು ಲೀಟರಿಗೆ 12 ಕೊಡುವ ಬದಲು 18 ಕೊಟ್ಟರೆ ಉಳಿಯುವುದು ಸುಮಾರು 278 ಲೀಟರ್, ಅಂದರೆ 2,500 ಯೂನಿಟ್‌ನಷ್ಟು ಶಕ್ತಿ. ಹನ್ನೊಂದು ಪಟ್ಟಿಗೂ ಹೆಚ್ಚು! ಆದ್ದರಿಂದ ಮನೆಯಲ್ಲಿ ಎರಡನ್ನೂ ಕೊಳ್ಳುವ ಯೋಚನೆ ಇದ್ದರೆ ಹೆಚ್ಚಿನ ಸಮಯ ಕಾರಿಗೆ ಕೊಡಿ. ಕಂಪ್ಯೂಟರ್‌ನದ್ದು ಬೇಗ ಮುಗಿಯುವ ವಿಷಯ. ಅದನ್ನೇ ಮೊದಲು ಮುಗಿಸೋಣ.

ಕಂಪ್ಯೂಟರ್: ಹೊಸದು ನಿಜವಾಗಿಯೂ ಬೇಕೇ?

ಕಾರಿಗೂ ಕಂಪ್ಯೂಟರ್‌ಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಪೆಟ್ರೋಲ್ ಕಾರು ತನ್ನ ಆಯುಷ್ಯದಲ್ಲಿ ಖರ್ಚುಮಾಡುವ ಶಕ್ತಿಯ ಬಹುಪಾಲು ರಸ್ತೆಯ ಮೇಲೆ ಸುಡುತ್ತದೆ. ಲ್ಯಾಪ್‌ಟಾಪ್‌ ಹಾಗಲ್ಲ. ಅದರ ಚಿಪ್‌ಗಳು, ಪರದೆ, ಬ್ಯಾಟರಿ ತಯಾರಾಗುವಾಗಲೇ ಅದರ ಹೊರೆಯ ದೊಡ್ಡ ಪಾಲು ಭೂಮಿಯ ಮೇಲೆ ಬಿದ್ದಿರುತ್ತದೆ. ಹಾಗಾಗಿ ಇರುವ ಲ್ಯಾಪ್‌ಟಾಪನ್ನು ಇನ್ನೂ ಮೂರು ವರ್ಷ ಬಾಳಿಸುವುದೇ ಅತಿ ದೊಡ್ಡ ಉಳಿತಾಯ. ನಿಧಾನವಾಗಿದೆ ಎಂದು ದೂರುವ ಹಳೆಯ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿಗೆ ಏರಿಸಿದರೆ ಮತ್ತೆ ಜೀವ ಬರುತ್ತದೆ. ಎಸ್‌ಎಸ್‌ಡಿ ವಿದ್ಯುತ್ತನ್ನೂ ಕಡಿಮೆ ತಿನ್ನುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆ ನೆಪದಲ್ಲಿ ಚೆನ್ನಾಗಿಯೇ ಇರುವ ಯಂತ್ರಗಳನ್ನು ಮೂಲೆಗೆ ಹಾಕುತ್ತಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದರೆ ಅವು ಇನ್ನೂ ಹಲವು ವರ್ಷ ನಡೆಯುತ್ತವೆ. ಯೂನಿಕೋಡ್ ಕನ್ನಡ ಬರವಣಿಗೆಗೆ, ಮಕ್ಕಳ ಓದಿಗೆ, ಬ್ಯಾಂಕ್ ವ್ಯವಹಾರಕ್ಕೆ ಏನೂ ತೊಂದರೆಯಿಲ್ಲ. ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಅಥವಾ ಲೆಕ್ಕಪತ್ರದ ‘ಟ್ಯಾಲಿ’ಯನ್ನೇ ನಂಬಿಕೊಂಡ ಕಚೇರಿಗಳ ಮಾತು ಬೇರೆ. ಬದಲಾಯಿಸುವ ಮೊದಲು ಅವು ನಡೆಯುತ್ತವೆಯೇ ಎಂದು ನೋಡಿಕೊಳ್ಳಬೇಕು.

ಇಷ್ಟರ ಮೇಲೂ ಹೊಸದು ಬೇಕೇ ಬೇಕೆಂದಾದರೆ ಮೊದಲ ಆಯ್ಕೆ ಲ್ಯಾಪ್‌ಟಾಪ್. ಒಂದೇ ಕಡೆ ಕೂತು ಕೆಲಸ ಮಾಡುವವರಿಗೆ ಅಂಗೈಯಗಲದ ಮಿನಿ ಪಿಸಿ. ಇವೆರಡೂ ಬರವಣಿಗೆ, ಲೆಕ್ಕಪತ್ರ, ವಿಡಿಯೊ ಮೀಟಿಂಗ್‌ನಂಥ ಕೆಲಸವನ್ನು 10ರಿಂದ 30 ವಾಟ್‌ನೊಳಗೆ ಮುಗಿಸುತ್ತವೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರವನ್ನು ನೋಡಿ. ಇಂಗ್ಲಿಷಿನ ‘ಯು’ ಇದ್ದರೆ ಸಾಮಾನ್ಯವಾಗಿ 15 ವಾಟ್ ಆಸುಪಾಸಿನದು. ‘ಎಚ್’, ‘ಎಚ್‌ಎಕ್ಸ್’ ಇದ್ದರೆ ಅದಕ್ಕಿಂತ ಬಹಳ ಹೆಚ್ಚು ಎಳೆಯುವಂಥದ್ದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡವೆನ್ನಿ. ಭಾರೀ ಆಟ, ತ್ರೀಡಿ ವಿನ್ಯಾಸ, ದಿನವೂ ವಿಡಿಯೊ ಸಂಕಲನ ಮಾಡುವವರಿಗೆ ಮಾತ್ರ ಅದು ಬೇಕು. ದೊಡ್ಡ ಕಾರ್ಡೊಂದೇ 200 ವಾಟ್ ದಾಟುತ್ತದೆ.

ಡೆಸ್ಕ್‌ಟಾಪ್ ಜೋಡಿಸುವವರು ಎಲ್ಲಕ್ಕಿಂತ ಹೆಚ್ಚು ಅಲಕ್ಷಿಸುವ ಭಾಗ ಎಸ್‌ಎಂಪಿಎಸ್. ಗೋಡೆಯ ವಿದ್ಯುತ್ತನ್ನು ಕಂಪ್ಯೂಟರ್‌ಗೆ ಬೇಕಾದ ವೋಲ್ಟಿಗೆ ಇಳಿಸುವುದು ಅದು. ಆ ಕೆಲಸದಲ್ಲಿ ಒಂದಿಷ್ಟು ಶಾಖವಾಗಿ ಕಳೆದುಹೋಗುತ್ತದೆ. ‘80 ಪ್ಲಸ್’ ಗುರುತು ಇರುವುದನ್ನೇ ಕೇಳಿ. ಕನಿಷ್ಠ ನೂರರಲ್ಲಿ ಎಂಬತ್ತು ಭಾಗ ಕೆಲಸಕ್ಕೆ ಒದಗುತ್ತದೆಂಬ ಖಾತರಿ ಅದು. ಬ್ರಾಂಜ್, ಗೋಲ್ಡ್ ಎಂದರೆ ಇನ್ನೂ ಉತ್ತಮ. ಹಾಗೆಂದು ದೊಡ್ಡದು ಹಾಕಿಸಬೇಡಿ. ಇವು ಚೆನ್ನಾಗಿ ದುಡಿಯುವುದು ಅರ್ಧ ಹೊರೆ ಬಿದ್ದಾಗ. 60 ವಾಟ್‌ನ ಕಂಪ್ಯೂಟರಿಗೆ 750 ವಾಟ್‌ನ ಎಸ್‌ಎಂಪಿಎಸ್ ಕೂರಿಸಿದರೆ ಗೋಲ್ಡ್ ಗುರುತಿನ ಲಾಭವೂ ಕೈಗೆ ಸಿಗುವುದಿಲ್ಲ.

ಪರದೆ 22 ಅಥವಾ 24 ಅಂಗುಲದ್ದು ಸಾಕು. 20 ವಾಟ್ ಆಸುಪಾಸು. ಪ್ರಿಂಟರ್ ಇಂಕ್ ಟ್ಯಾಂಕ್ ಇರಲಿ. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ನೂರಾರು ವಾಟ್ ಎಳೆದು ಸಣ್ಣ ಇನ್‌ವರ್ಟರನ್ನೇ ಕೆಡವುತ್ತದೆ.

ಕರೆಂಟ್ ಹೋದಾಗಿನ ಲೆಕ್ಕ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕರೆಂಟ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಮನೆಯಿಂದಲೇ ಬೆಂಗಳೂರಿನ ಕಂಪನಿಯ ಕೆಲಸ ಮಾಡುವವರು ಹೆಚ್ಚಾಗಿರುವ ಈ ಕಾಲದಲ್ಲಿ ಕಂಪ್ಯೂಟರ್ ಆಯ್ಕೆಯನ್ನು ಇನ್‌ವರ್ಟರ್ ಜೊತೆ ಸೇರಿಸಿಯೇ ಮಾಡಬೇಕು.

150 ಎಎಚ್ ಬ್ಯಾಟರಿಯಿಂದ ನೆಮ್ಮದಿಯಾಗಿ ತೆಗೆಯಬಹುದಾದದ್ದು ಒಂದು ಯೂನಿಟ್‌ನ ಆಸುಪಾಸು. ಡೆಸ್ಕ್‌ಟಾಪ್, ಪರದೆ ಸೇರಿ 145 ವಾಟ್, ಇನ್‌ವರ್ಟರ್ ತಾನೇ ತಿನ್ನುವ 15 ವಾಟ್ ಎಂದುಕೊಂಡರೆ ಆರೇಳು ಗಂಟೆಗೆ ಬ್ಯಾಟರಿ ಖಾಲಿ. ಲ್ಯಾಪ್‌ಟಾಪ್, ರೌಟರ್ ಸೇರಿ 40 ವಾಟ್, ಇನ್‌ವರ್ಟರಿನ ಅದೇ 15 ವಾಟ್ ಆದರೆ ಹದಿನೆಂಟು ಗಂಟೆ ನಡೆಯುತ್ತದೆ. ಎರಡನೆಯ ದಿನವೂ ಕೆಲಸ ನಿಲ್ಲುವುದಿಲ್ಲ. ಇನ್ನೊಂದು ಸಂಗತಿ: ಸೀಸ-ಆಮ್ಲದ ಬ್ಯಾಟರಿಯಿಂದ ಒಂದು ಯೂನಿಟ್ ಹೊರಬರಬೇಕಾದರೆ ಒಂದೂವರೆಯ ಹತ್ತಿರ ಒಳಗೆ ಹೋಗಬೇಕು. ಹಾಗಾಗಿ ಕರೆಂಟ್ ಕೈಕೊಡುವ ಊರಿನಲ್ಲಿ ಉಳಿಸಿದ ಒಂದೊಂದು ವಾಟ್‌ಗೂ ಪಟ್ಟಣಕ್ಕಿಂತ ಬೆಲೆ ಹೆಚ್ಚು.

ರೌಟರ್‌ಗೆಂದೇ ಸಿಗುವ, ಲಿಥಿಯಂ ಕೋಶದ ಪುಟ್ಟ 12 ವೋಲ್ಟ್ ಯುಪಿಎಸ್ ಒಂದನ್ನು ತಂದಿಡಿ. 10 ವಾಟ್‌ನ ರೌಟರ್‌ಗಾಗಿ ರಾತ್ರಿಯೆಲ್ಲ ಇಡೀ ಇನ್‌ವರ್ಟರ್ ಎಚ್ಚರವಾಗಿರಬೇಕಾಗಿಲ್ಲ. ಲ್ಯಾಪ್‌ಟಾಪಿನ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಒಗ್ಗಿಕೊಳ್ಳುತ್ತದೆ. ಸಂಜೆ ವೋಲ್ಟೇಜ್ ಬೀಳುವ ಊರಿನಲ್ಲೂ ಅದಕ್ಕೆ ಸ್ಟೆಬಿಲೈಸರ್ ಬೇಡ. ಗುಡುಗು ಶುರುವಾದರೆ ಮಾತ್ರ ಎಲ್ಲದರ ಪ್ಲಗ್ ಕಿತ್ತಿಡಿ, ಫೈಬರ್ ಅಲ್ಲದ ಇಂಟರ್ನೆಟ್ ತಂತಿಯನ್ನೂ ತೆಗೆದಿಡಿ.

ಕಾರು: ಮೈಲೇಜನ್ನು ತಿರುಗಿಸಿ ಓದಿ

ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ನಮ್ಮನ್ನು ದಾರಿ ತಪ್ಪಿಸುತ್ತದೆ. ನೂರು ಕಿಲೋಮೀಟರ್‌ಗೆ ಎಷ್ಟು ಲೀಟರ್ ಎಂದು ತಿರುಗಿಸಿಕೊಳ್ಳಿ. 10 ಕೊಡುವ ಗಾಡಿ ಬಿಟ್ಟು 12 ಕೊಡುವುದನ್ನು ಕೊಂಡರೆ 10,000 ಕಿ.ಮೀ.ಗೆ 167 ಲೀಟರ್ ಉಳಿಯುತ್ತದೆ. 20ರಿಂದ 25ಕ್ಕೆ ಹೋದರೆ ಉಳಿಯುವುದು 100 ಲೀಟರ್ ಮಾತ್ರ. ಆದ್ದರಿಂದ ಮನೆಯಲ್ಲಿ ಎರಡು ವಾಹನಗಳಿದ್ದರೆ ಮೊದಲು ಬದಲಿಸಬೇಕಾದದ್ದು, ಅಥವಾ ಕಡಿಮೆ ಓಡಿಸಬೇಕಾದದ್ದು, ಅತಿ ಹೆಚ್ಚು ಕುಡಿಯುವುದನ್ನು. ಜಾಹೀರಾತಿನ ಮೈಲೇಜ್ ಪ್ರಯೋಗಶಾಲೆಯದು. ಎರಡು ಕಾರುಗಳನ್ನು ಹೋಲಿಸಲು ಅದನ್ನು ಬಳಸಿ, ಖರ್ಚಿನ ಲೆಕ್ಕಕ್ಕೆ ಬೇಡ.

ಆಮೇಲೆ ನೋಡಬೇಕಾದದ್ದು ತೂಕ. ಬಯಲುಸೀಮೆಯವರಿಗಿಂತ ನಮಗೆ ಇದು ಹೆಚ್ಚು ಮುಖ್ಯ, ಏಕೆಂದರೆ ನಾವು ಘಟ್ಟ ಹತ್ತುತ್ತೇವೆ. ಕುಮಟಾ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಜನರೂ ಸೇರಿ 1,200 ಕೆ.ಜಿ. ತೂಗುವ ಸಣ್ಣ ಕಾರನ್ನು ದೇವಿಮನೆ ಘಟ್ಟದ ಮೂಲಕ ಅಷ್ಟೆತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡು ಯೂನಿಟ್. ಪೆಟ್ರೋಲ್ ಎಂಜಿನ್ ತಾನು ಸುಟ್ಟದ್ದರಲ್ಲಿ ಕಾಲುಭಾಗ ಅಥವಾ ತುಸು ಹೆಚ್ಚನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುವುದರಿಂದ ಎತ್ತರ ಏರುವುದಕ್ಕೆಂದೇ ಮುಕ್ಕಾಲು ಲೀಟರ್ ಅಥವಾ ತುಸು ಹೆಚ್ಚು ಹೋಗುತ್ತದೆ. 1,800 ಕೆ.ಜಿ.ಯ ಗಾಡಿಗೆ ಇದು ಒಂದೂವರೆ ಪಟ್ಟು. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿದರೂ ಲೆಕ್ಕ ಇದೇ ರೀತಿಯದು.

ಮಣ್ಣು ರಸ್ತೆಯ ಕೊನೆಯಲ್ಲಿ ಮನೆ ಇರುವವರು ‘ನಮಗೆ ದೊಡ್ಡ ಗಾಡಿಯೇ ಬೇಕು’ ಎನ್ನುತ್ತಾರೆ. ಮಳೆಗಾಲದಲ್ಲಿ ಕೆಸರು ದಾಟುವ ಕಷ್ಟ ನಿಜವಾದದ್ದು, ಅದನ್ನು ತಳ್ಳಿಹಾಕಲಾರೆ. ಆದರೆ ಅಲ್ಲಿ ಬೇಕಾದದ್ದು ನೆಲದಿಂದ ಎತ್ತರ, ತೂಕವಲ್ಲ. ನೆಲದಿಂದ 180 ಮಿಲಿಮೀಟರ್ ಎತ್ತರ ಇರುವ ಸಣ್ಣ ಕಾರುಗಳು ಸಿಗುತ್ತವೆ. ಅಡಿಕೆ ಚೀಲವನ್ನು ಶಿರಸಿಯ ಸೊಸೈಟಿಗೆ ಒಯ್ಯುವ ಕೆಲವು ದಿನಗಳಿಗೆ ಬಾಡಿಗೆಯ ಪಿಕಪ್ ಕರೆಸಿ. ಕಡಿದಾದ ದರೆ ಏರಿ ಮನೆ ಸೇರುವವರು ನಾಲ್ಕು ಚಕ್ರಕ್ಕೂ ಬಲ ಕೊಡುವ ಗಾಡಿಯನ್ನೇ ಕೊಳ್ಳಲಿ. ಉಳಿದವರಿಗೆ ಅದು ವರ್ಷವಿಡೀ ಹೊತ್ತು ತಿರುಗುವ ಕಬ್ಬಿಣ.

ಎಂಜಿನ್ ತೀರ ಸಣ್ಣದಾದರೂ ಒಳ್ಳೆಯದಲ್ಲ. ಒಂದು ಲೀಟರ್ ಗಾತ್ರದ ಸಾದಾ ಎಂಜಿನ್ ಐದು ಜನರನ್ನು ಹೊತ್ತು ಘಟ್ಟದಲ್ಲಿ ಎರಡನೇ ಗೇರಿನಲ್ಲಿ ಕಿರುಚುವಾಗ ಮೈಲೇಜ್ ಕುಸಿಯುತ್ತದೆ. ವಾರಕ್ಕೊಮ್ಮೆಯಾದರೂ ಘಟ್ಟ ಹತ್ತುವ ಕುಟುಂಬಕ್ಕೆ 1.2 ಲೀಟರ್ ಹದವಾದ ಗಾತ್ರವೆಂದು ನನ್ನ ಅಭಿಪ್ರಾಯ. ಕಾರವಾರದ ಪೇಟೆಯೊಳಗೇ ಓಡಾಡುವವರಿಗೆ ಒಂದು ಲೀಟರ್ ಧಾರಾಳ ಸಾಕು. ಬಿಎಸ್ 6 ಡೀಸೆಲ್ ಕಾರನ್ನು ಮನೆಯಿಂದ ಪೇಟೆಗೆ ಎರಡು-ಮೂರು ಕಿ.ಮೀ. ಓಡಿಸುವವರು ಕೊಳ್ಳಲೇಬಾರದು. ಅದರ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಶುಚಿಯಾಗಲು ದೂರದ, ಬಿಸಿಯಾದ ಓಟ ಬೇಕು.

ಹೈಬ್ರಿಡ್ (ಎಂಜಿನ್ ಜೊತೆ ಬ್ಯಾಟರಿಯ ಮೋಟಾರೂ ಇರುವ ಕಾರು) ಎಂಬ ಫಲಕ ಕಂಡರೆ ಯಾವ ಬಗೆಯದೆಂದು ಕೇಳಿ. ಮೈಲ್ಡ್ ಹೈಬ್ರಿಡ್‌ನ ಉಳಿತಾಯ ಅಲ್ಪ. ಬ್ಯಾಟರಿಯಿಂದಲೇ ಒಂದಿಷ್ಟು ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ಮಾತ್ರ ಪೇಟೆಯಲ್ಲೂ ಘಟ್ಟದ ಇಳಿಜಾರಿನಲ್ಲೂ ಗಮನಾರ್ಹವಾಗಿ ಉಳಿಸುತ್ತದೆ. ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಅದರ ಲಾಭ ಕಡಿಮೆ. ಅಲ್ಲಿ ಉಳಿಸುವುದು ವೇಗದ ಮಿತಿ: 80ರಿಂದ 100ಕ್ಕೆ ಏರಿದರೆ ಗಾಳಿಯ ಎದುರೊತ್ತಡ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

ಘಟ್ಟ ಇಳಿಯುವಾಗ ಗೇರ್ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಅದು ಸುಳ್ಳು, ಅಪಾಯ ಬೇರೆ. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಧನ ಪೂರ್ತಿ ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಬಳಕೆ ತೋರಿಸುವ ಕಾರಿದ್ದರೆ ದೇವಿಮನೆಯ ತಿರುವುಗಳಲ್ಲಿ ಗಮನಿಸಿ: ಮೂರನೇ ಗೇರಿನಲ್ಲಿ ಇಳಿಯುವಾಗ ಬಳಕೆ ಸೊನ್ನೆ ತೋರಿಸುತ್ತದೆ, ನ್ಯೂಟ್ರಲ್ ಮಾಡಿದ ಕೂಡಲೇ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಮತ್ತೆ ಕುಡಿಯತೊಡಗುತ್ತದೆ. ಇತ್ತ ಎಲ್ಲ ಭಾರವೂ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ವಿದ್ಯುತ್ ಕಾರು ನಮಗೆ ಹೊಂದುತ್ತದೆಯೇ?

ವಿದ್ಯುತ್ ಕಾರು ಕಿಲೋಮೀಟರಿಗೆ, ಚಾರ್ಜಿಂಗ್ ನಷ್ಟವೂ ಸೇರಿ, ಸುಮಾರು 0.15 ಯೂನಿಟ್ ಬಳಸುತ್ತದೆ. 10,000 ಕಿ.ಮೀ.ಗೆ 1,500 ಯೂನಿಟ್. ಲೀಟರಿಗೆ 18 ಕೊಡುವ ಪೆಟ್ರೋಲ್ ಕಾರಿಗೆ ಬೇಕಾದದ್ದು 5,000 ಯೂನಿಟ್‌ನಷ್ಟು ಶಕ್ತಿ. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದಿದ್ದರೆ ಸ್ಥಾವರದಲ್ಲೇ ಹೆಚ್ಚಿನ ಪಾಲು ಶಾಖವಾಗಿ ಹೋಗಿರುತ್ತದೆ, ಆಗ ಅಂತರ ಬಹಳ ಕಿರಿದಾಗುತ್ತದೆ. ಸೌರ ವಿದ್ಯುತ್ ಹರಿಯುವ ಹಗಲಿನ ಹೊತ್ತಿನಲ್ಲಿ ಚಾರ್ಜ್ ಮಾಡಲು ಸಾಧ್ಯವಿರುವವರಿಗೆ ಲಾಭ ಹೆಚ್ಚು.

ಘಟ್ಟ ಇದಕ್ಕೆ ಶತ್ರುವಲ್ಲ. ಏರುವಾಗ ಹೋದದ್ದರಲ್ಲಿ ಒಂದು ಪಾಲು ಇಳಿಯುವಾಗ ಬ್ಯಾಟರಿಗೆ ಮರಳುತ್ತದೆ. ಆದರೆ ಶಿರಸಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಕುಮಟೆಗೆ ಹೊರಟರೆ ಆ ಶಕ್ತಿಯನ್ನು ಹಿಡಿಯಲು ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ, 85-90ಕ್ಕೆ ನಿಲ್ಲಿಸಿ. ಕಂಪನಿ ಹೇಳುವ ದೂರದ ಮುಕ್ಕಾಲು ಭಾಗವನ್ನಷ್ಟೇ ನಂಬಿ, ನಿಮ್ಮ ಡೈರಿಯ ಪುಟದೊಂದಿಗೆ ಹೋಲಿಸಿ. ಶಿರಸಿಯಿಂದ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಬರುವುದೇ ನಿಮ್ಮ ದೊಡ್ಡ ಪ್ರಯಾಣವಾದರೆ 300 ಕಿ.ಮೀ. ಎಂದು ಹೇಳಿಕೊಳ್ಳುವ ಬ್ಯಾಟರಿ ಸಾಕು. ಅದಕ್ಕಿಂತ ದೊಡ್ಡದೆಂದರೆ ಮತ್ತೆ ಹೊರುವ ತೂಕವೇ.

ಮನೆಯ ಕಡೆ ಎರಡು ಪರಿಶೀಲನೆ ಬೇಕು. ಸಾಮಾನ್ಯ ಚಾರ್ಜರ್ 15 ಆಂಪಿಯರ್ ಸಾಕೆಟ್‌ನಿಂದ 3.3 ಕಿಲೋವಾಟ್‌ವರೆಗೆ ಎಳೆಯುತ್ತದೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ, ಕಡಿಮೆ ಇದ್ದರೆ ಹೆಚ್ಚಿಸಲು ಅರ್ಜಿ ಕೊಡಿ, ಅರ್ಥಿಂಗ್ ಹೊಸದಾಗಿ ಮಾಡಿಸಿ. ಎರಡನೆಯದು ಗೃಹಜ್ಯೋತಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ತಿಂಗಳಿಗೆ 1,000 ಕಿ.ಮೀ. ಓಡಿದರೆ ಕಾರೊಂದೇ 150 ಯೂನಿಟ್ ಸೇರಿಸುತ್ತದೆ. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡವರಿಗೆ ಆಮೇಲೆ ಬೇಸರವಾಗುವುದಿಲ್ಲ.

ಹಳ್ಳಿಯಿಂದ 15 ಕಿ.ಮೀ. ದೂರದ ಪೇಟೆಗೆ ಒಬ್ಬರೇ ಹೋಗಿಬರುವವರು ಕಾರಿನ ಯೋಚನೆಯನ್ನೇ ಬದಿಗಿಟ್ಟು ವಿದ್ಯುತ್ ಸ್ಕೂಟರ್ ನೋಡಬಹುದು. ಹೋಗಿಬರುವ 30 ಕಿ.ಮೀ.ಗೆ ಒಂದು ಯೂನಿಟ್‌ನ ಆಸುಪಾಸು ಸಾಕು.

ಅಂಗಡಿಗೆ ಹೋದ ದಿನ

ಖಾಲಿ ಕಾರನ್ನು ಸಮತಟ್ಟಾದ ರಸ್ತೆಯಲ್ಲಿ ಐದು ನಿಮಿಷ ಓಡಿಸಿ ತೃಪ್ತರಾಗಬೇಡಿ. ನಾಲ್ವರನ್ನು ಕೂರಿಸಿ, ಎಸಿ ಹಾಕಿ, ಹತ್ತಿರದ ಏರು ಹತ್ತಿಸಿ ನೋಡಿ. ಹಳೆಯ ಕಾರು ಕೊಳ್ಳುವವರು ಇಂಧನದ ಮುಚ್ಚಳದ ಬಳಿ ಇ20 ಎಂದು ಬರೆದಿದೆಯೇ ನೋಡಲೇಬೇಕು. ಈಗ ಬಂಕುಗಳಲ್ಲಿ ಹೆಚ್ಚಾಗಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟೇ ಶಕ್ತಿ ಇರುವುದರಿಂದ ಮೈಲೇಜ್ ತುಸು ಇಳಿಯುತ್ತದೆ, ಹಳೆಯ ಕಾರಿನ ರಬ್ಬರ್ ಭಾಗಗಳೂ ಹಾಳಾಗಬಹುದು.

ಉಚಿತವೆಂದು ಕೊಡುವ ಛಾವಣಿಯ ಕ್ಯಾರಿಯರ್ ಬೇಡವೆನ್ನಿ. ಖಾಲಿ ಇದ್ದರೂ ಅದು ಗಾಳಿಯನ್ನು ತಡೆಯುತ್ತದೆ. ಅಂದಕ್ಕೆಂದು ಅಗಲದ ಟೈರ್, ದೊಡ್ಡ ಅಲಾಯ್ ಚಕ್ರ ಹಾಕಿಸಬೇಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಟೈರಿನ ಗಾಳಿ ಎಷ್ಟಿರಬೇಕೆಂಬ ಚೀಟಿ ಅಂಟಿಸಿರುತ್ತಾರೆ. ಇಬ್ಬರಿಗೆ ಎಷ್ಟು, ತುಂಬಿದ ಕಾರಿಗೆ ಎಷ್ಟು ಎಂದು ಬೇರೆ ಬೇರೆ ಬರೆದಿರುವುದೂ ಉಂಟು. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಲಾರಿಯಲ್ಲಿ ಸಾಗಿಸಿ ತಂದ ಹೊಸ ಕಾರಿನ ಟೈರುಗಳಲ್ಲಿ ಕೆಲವೊಮ್ಮೆ ಬೇಕಾದುದಕ್ಕಿಂತ ಹೆಚ್ಚು ಗಾಳಿ ಇರುತ್ತದೆ. ಕೀಲಿ ಕೈಗೆ ತೆಗೆದುಕೊಳ್ಳುವ ಮೊದಲು ಸ್ಟೆಪ್ನಿಯೂ ಸೇರಿ ಐದನ್ನೂ ನಿಮ್ಮ ಎದುರೇ ಅಳೆಸಿ ಸರಿಮಾಡಿಸಿ.